ಒಂದು ದಿನದ ಮುಯ್ಯಾಳು

ಆ ಕ್ಯಾಪ್ಟನ್ನನ ಮೇಲಿನ ಸಿಟ್ಟು ಅಲೀರನಿಗೆ ಇವತ್ತಿಗೂ ಇಳಿದಿಲ್ಲ. ಯುದ್ಧ ಮುಗಿದು ಹನ್ನೆರಡು ವರ್ಷವಾಯಿತು. ಗುಂಡು ಹಾರಿಸಿದ ಜರ್ಮನಿಯವನನ್ನು ಅವನು ಎಂದೋ ಕ್ಷಮಿಸಿದ್ದಾನೆ. ಮಾತು ಕೇಳದವನನ್ನು ಮಾತ್ರ ಕ್ಷಮಿಸಿಲ್ಲ.

ಅಲೀರನ ಊರಾದ ಪ್ರೆ-ರೋಂನ ಅಕಾಡಿಯನ್ನರು, ಫ್ರೆಂಚ್ ಮೂಲದ ರೈತರು, ಸಮುದ್ರವನ್ನು ಹಿಂದಕ್ಕೆ ತಳ್ಳಿ ಹುಲ್ಲುಗಾವಲು ಮಾಡಿಕೊಂಡವರು. ಮಣ್ಣಿನ ಒಡ್ಡು, ಒಡ್ಡಿನಡಿ ಮರದ ತೂಬು, ತೂಬಿಗೊಂದು ತೂಗುಬಾಗಿಲು. ಇಳಿತದಲ್ಲಿ ಮಳೆನೀರು ಬಾಗಿಲು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಉಬ್ಬರ ಬಂದರೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಒಬ್ಬನ ಒಡ್ಡು ಒಡೆದರೆ ನೆರೆಯವನು ಸಲಿಕೆ ಹಿಡಿದು ಬರಬೇಕು. ಅದಕ್ಕೆ ಕೂಲಿಯಿಲ್ಲ. ದಿನಕ್ಕೆ ದಿನ, ಮುಯ್ಯಾಳು.

ಸೈನ್ಯಕ್ಕೆ ಹೊರಡುವ ಹಿಂದಿನ ವಾರ ಅಲೀರನ ಒಡ್ಡು ಒಡೆಯಿತು. ಅವನ ಜೊತೆಗೇ ಸೈನ್ಯಕ್ಕೆ ಹೊರಟಿದ್ದ ನೆರೆಮನೆಯ ತೆಯೊತೀಮ್ ಬಂದು, ಸೊಂಟದವರೆಗೆ ಕೆಸರಲ್ಲಿ ನಿಂತು, ಬೇರು ಕಚ್ಚಿದ ಹುಲ್ಲುಹೆಂಟೆಗಳನ್ನು ಜೋಡಿಸಿದ.

“ನಿಮ್ಮಪ್ಪನ ತೂಬು ನಿಮ್ಮಪ್ಪನ ಬಾಯಿದ್ದಂಗೇ ಕಣೋ, ಮುಚ್ಚೋದೇ ಇಲ್ಲ!”

“ಹರಟಬೇಡ, ಕೆಲ್ಸ ಮಾಡು. ನಿನ್ನ ದಿನಾನ ವಾಪಸ್ ಬಂದು ತೀರಿಸ್ತೀನಿ,” ಎಂದ ಅಲೀರ್.

“ತೀರಿಸ್ದೆ ಇದ್ರೆ ಬಿಟ್ಟೇನಾ?”

ಇಬ್ಬರೂ ಒಂದೇ ತುಕಡಿಗೆ ಬಿದ್ದರು. ಹಾಲೆಂಡಿನಲ್ಲೂ ಅಂಥದೇ ಒಡ್ಡು, ತೂಬು. ಕ್ಯಾಪ್ಟನ್ ಒಡ್ಡಿನ ಹಿಂದಿನ ತಗ್ಗಿನಲ್ಲಿ ಕಂದಕ ತೋಡಲು ಹೇಳಿದ. ಅಲೀರ್ ಹೋಗಿ ತೂಬು ನೋಡಿಬಂದ. ಶೆಲ್ ಬಿದ್ದು ಅದರ ಬಾಗಿಲು ಕಿತ್ತುಹೋಗಿತ್ತು.

“ಸಾರ್, ಮಧ್ಯಾಹ್ನದ ಉಬ್ಬರಕ್ಕೆ ನೀರು ಒಳಗೆ ನುಗ್ಗುತ್ತೆ. ಎರಡು ಗಂಟೆ ಕೊಡಿ, ತೂಬಿಗೆ ಮಣ್ಣು ತುಂಬ್ತೀವಿ. ನಾನೂ ಇವನೂ ಸಾಕು.”

“ಹುಲ್ಲು ಕುಯ್ಯೋನು ನಂಗೆ ಯುದ್ಧ ಹೇಳ್ಕೊಡ್ತೀಯಾ? ಹೋಗು, ತೋಡು!”

ಮಧ್ಯಾಹ್ನ ನೀರು ಬಂತು. ಕಂದಕ ತುಂಬಿ, ಎಲ್ಲರೂ ಒಡ್ಡಿನ ಬೋಳು ನೆತ್ತಿಗೆ ಹತ್ತಬೇಕಾಯಿತು. ಆಚೆಯಿಂದ ಬಂದದ್ದು ಒಂದೇ ಗುಂಡು. ಅಲೀರನ ಪಕ್ಕದಲ್ಲಿ ತೆಯೊತೀಮ್ ಸುಸ್ತಾದವನ ಹಾಗೆ ಕುಳಿತ, ಏಳಲಿಲ್ಲ.

ಊರಿಗೆ ಮರಳಿದ ಮೊದಲ ವಸಂತದಲ್ಲೇ ಅಲೀರ್ ಸಾಲದ ಆ ದಿನ ತೀರಿಸಲೆಂದು ಸಲಿಕೆ ಹೆಗಲಿಗಿಟ್ಟು ತೆಯೊತೀಮನ ಅಪ್ಪ ದೊಸಿತೆಯ ಮನೆಗೆ ಹೋದ. ಮುದುಕ ಆಲೂಗಡ್ಡೆ ಕಡುಬು ಬಡಿಸಿದ. ಕೆಲಸದ ಮಾತೆತ್ತಿದರೆ ಬೇಡವೆಂದು ತಲೆಯಾಡಿಸಿಬಿಟ್ಟ. ಪ್ರತಿ ವಸಂತವೂ ಹಾಗೇ. ಈ ವರ್ಷ ದೊಸಿತೆಯ ಒಡ್ಡು ನಿಜಕ್ಕೂ ಒಡೆಯಿತು. ಊರಿಗೆಲ್ಲ ಹೇಳಿಕಳಿಸಿದ, ಅಲೀರನೊಬ್ಬನನ್ನು ಬಿಟ್ಟು.

ಅಲೀರ್ ಕೆಂಡವಾಗಿ ಒಡ್ಡಿನ ಮೇಲೇ ಹೋಗಿ ನಿಂತ. “ಏನ್ ಮಾವಾ, ನನ್ನ ಸಲಿಕೆಗೇನು ತುಕ್ಕು ಹಿಡಿದಿದ್ಯಾ? ಅವನು ಸತ್ತಿದ್ದು ನನ್ನಿಂದ ಅಂತಾನಾ?”

“ಥೂ, ಹುಚ್ಚಾ!” ಮುದುಕ ಕೈಯಲ್ಲಿದ್ದ ಹೆಂಟೆ ಕೆಳಗಿಟ್ಟ. “ಅವನ ಬಟ್ಟೆ ಹಂಚಾಯ್ತು. ಅವನ ಕುದುರೆ ಸತ್ತೋಯ್ತು. ಈ ಊರಲ್ಲಿ ಅವನಿಗೆ ಬರಬೇಕಾದ್ದು ಅಂತ ಉಳಿದಿರೋದು ನಿನ್ನ ಹತ್ರ ಇರೋ ಆ ಒಂದು ದಿನ. ಅದನ್ನೂ ತೀರಿಸಿಬಿಡ್ತೀಯೇನೋ?”

ಅಲೀರ್ ಸಲಿಕೆಯನ್ನು ಕೆಸರಿಗೆ ತಾಗಿಸಲಿಲ್ಲ. ಒಡ್ಡಿನ ಮೇಲೆ ಕುಳಿತು, ಉಬ್ಬರ ಬರುವವರೆಗೂ ಉಳಿದವರ ಕೆಲಸ ನೋಡಿದ. ಆ ಒಂದು ದಿನದ ಸಾಲ ಇನ್ನೂ ಅವನ ತಲೆಯ ಮೇಲೇ ಇದೆ.