ಕೆಡ್ಡಸದ ಬಿಸಿನೀರು

ಬೆಳುವಾಯಿಯ ನಮ್ಮ ನೆರೆಮನೆಯಾಕೆ ಬಿಸಿನೀರಿನ ಯಂತ್ರದ ಸ್ವಿಚ್ ಮುಟ್ಟುವ ಮೊದಲು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರು. ಆಳಕ್ಕೆ ಇಳಿಸಿದ ಪೈಪುಗಳಿಂದ ನೆಲದ ಶಾಖ ಎಳೆದು ನೀರು ಕಾಯಿಸುವ ಯಂತ್ರವದು. ಗಂಡ ತಮ್ಮ ಸೊಂಟನೋವಿಗೆಂದು ಹಾಕಿಸಿದ್ದರು.

“ಅವಳು ಕೊಡ್ತಾಳೆ, ನಾವು ಮೀಯುವುದು,” ಎನ್ನುತ್ತಿದ್ದರು ಆಕೆ, ನೆಲ ತೋರಿಸಿ.

ಭೂಮಿತಾಯಿ ಮುಟ್ಟಾಗಿದ್ದಾಳೆಂದು ಯಾರೂ ನೆಲ ಅಗೆಯದ ಕೆಡ್ಡಸದ ಮೂರು ದಿನ ಆಕೆ ಯಂತ್ರ ನಿಲ್ಲಿಸಿದರು.

“ನನ್ನ ಸೊಂಟಕ್ಕೆ ರಜೆ ಉಂಟಾ ಮಾರಾಯ್ತಿ?” ಎಂದರು ಗಂಡ.

“ಈಗ ಅವಳ ಹತ್ರ ಕೇಳ್ಲಿಕ್ಕಾಗುದಿಲ್ಲ. ಹಂಡೆಯಲ್ಲಿ ಕಾಯಿಸಿ ಕೊಡ್ತೇನೆ.”

ಕೊನೆಯ ದಿನ ಗಂಡ ಬೈರಾಸು ಸುತ್ತಿ, ಸೊಂಟ ಹಿಡಿದು ಬಚ್ಚಲಿಗೆ ಬಂದರೆ, ಆಕೆ ಮೊದಲ ಚೆಂಬು ಬಿಸಿನೀರನ್ನೂ ಎಣ್ಣೆ, ಸೀಗೆಯನ್ನೂ ಭೂಮಿಯ ಸ್ನಾನಕ್ಕೆಂದು ತುಳಸಿಕಟ್ಟೆಯ ಬಳಿಗೆ ಒಯ್ಯುತ್ತಿದ್ದರು.

“ಅವಳದ್ದು ಆಗ್ಲಿ, ಸ್ವಲ್ಪ ನಿಲ್ಲಿ.”

ಗಂಡ ಗೋಡೆಗೆ ಒರಗಿ ನಿಂತರು. “ಎಣ್ಣೆ ಸರಿಯಾಗಿ ಹಾಕು. ನಾಳೆಯಿಂದ ನನಗೆ ಅವಳೇ ಗತಿ.”