ಮರಾಮತ್ ಶೆಡ್ಡಿನ ಗೋಡೆ

ಮುನಿನಾರಾಯಣಮ್ಮನ ಗಂಡ ಶ್ರೀರಾಮಪ್ಪ ಸತ್ತಿದ್ದು ಸರ್ಕಾರದ ಗೋಡೆ ಮೈಮೇಲೆ ಬಿದ್ದು. ಬಂಗಾರಪೇಟೆಯ ರೈಲ್ವೆ ಗೇಟಿನಾಚೆ, ಜನ ಮರಾಮತ್ ಶೆಡ್ಡು ಎನ್ನುತ್ತಿದ್ದ, ಲೋಕೋಪಯೋಗಿ ಇಲಾಖೆಯ ಹಳೇ ಮಣ್ಣುಗೋಡೆಯ ಕಟ್ಟಡವೊಂದಿತ್ತು. ರಸ್ತೆ ಕೆಲಸದ ಟಾರು ಡ್ರಮ್ಮು, ಗುದ್ದಲಿ, ಬಾಂಡ್ಲಿ, ರೋಲರು ಎಲ್ಲಾ ಅಲ್ಲೇ. ಐವತ್ತೊಂಬತ್ತರ ಚಿತ್ತೆ ಮಳೆ ಮೂರು ದಿನ ಬಿಡದೆ ಹೊಯ್ದಾಗ ಹಿಂದಿನ ಗೋಡೆ ಕುಸಿಯಿತು. ಡ್ರಮ್ಮು ಉರುಳಿಸಿಕೊಂಡು ಬರಲು ಒಳಗೆ ಹೋಗಿದ್ದ ಗ್ಯಾಂಗಿನ ಆಳು ಶ್ರೀರಾಮಪ್ಪ ಒಬ್ಬನೇ. ತೆಗೆಯುವಷ್ಟರಲ್ಲಿ ಉಸಿರಿರಲಿಲ್ಲ.

ಹನ್ನೊಂದನೇ ದಿನ ಓವರ್‌ಸಿಯರ್ ವೆಂಕಟೇಶಪ್ಪನವರು ಮನೆ ಬಾಗಿಲಿಗೆ ಬಂದರು. ಒಳ್ಳೆಯ ಮನುಷ್ಯ. ನಿಂತೇ ಮಾತಾಡಿದರು.

"ಹೊಸ ಶೆಡ್ಡಿಗೆ ಬರೆದಿದ್ದೀವಿ ಕಣಮ್ಮ. ಸರ್ಕಾರ ಬಾಂಡು ಹೊರಡಿಸುತ್ತೆ, ಆ ದುಡ್ಡಲ್ಲಿ ಕಟ್ತಾರೆ. ಶೆಡ್ಡು ಎದ್ದರೆ ಗುಡಿಸಿ ನೀರಿಡೋ ಖಾಯಂ ಕೆಲಸ ಒಂದು ಬರುತ್ತೆ. ಅದು ನಿನಗೇ."

"ಬಾಂಡ್ಲಿ ಗೊತ್ತು ಸಾಮಿ. ಬಾಂಡು ಅಂದ್ರೆ ಏನು?"

"ಸಾಲದ ಪತ್ರ. ದುಡ್ಡಿದ್ದೋರು ಸರ್ಕಾರಕ್ಕೆ ಸಾಲ ಕೊಡ್ತಾರೆ, ಸರ್ಕಾರ ಬರೆದುಕೊಡುತ್ತೆ."

"ಸರ್ಕಾರಾನೂ ಸಾಲ ಮಾಡ್ತದಾ!" ಎಂದಳು. ಅಂಥಾ ದುಃಖದಲ್ಲೂ ಅವಳಿಗೆ ಅದು ಸೋಜಿಗವಾಗಿತ್ತು.

ಅಲ್ಲಿಯವರೆಗೆ ಗಂಡನ ಜಾಗದಲ್ಲಿ ಅವಳಿಗೆ ದಿನಗೂಲಿ ಸಿಕ್ಕಿತು. ತಲೆಮೇಲೆ ಜಲ್ಲಿ ಹೊತ್ತು ಬೇತಮಂಗಲದ ರಸ್ತೆಗೆ ಸುರಿದಳು. ಬಿದ್ದ ಗೋಡೆಯ ಕಡೆಗೆ ತಗಡು ಕಟ್ಟಿದರು, ಉಳಿದ ಮೂರು ಗೋಡೆಗೆ ಸರ್ವೆ ಮರದ ಆಸರೆ ಕೊಟ್ಟರು. ದಿನಾ ಬೆಳಿಗ್ಗೆ ಬಾಂಡ್ಲಿ ತರಲು ಅದೇ ಬಾಗಿಲೊಳಗೆ ಹೋಗಬೇಕು. ಗಂಡ ಬಿದ್ದ ಜಾಗವನ್ನು ದಾಟುವಾಗ ಅವಳು ಉಸಿರು ಬಿಗಿಹಿಡಿಯುತ್ತಿದ್ದಳು.

ಅರವತ್ತೊಂದರಲ್ಲಿ ಬಾಂಡಿನ ದುಡ್ಡು ಬಂತು. ಕಟ್ಟಬೇಕಾದ ಶೆಡ್ಡುಗಳ ಪಟ್ಟಿಯಲ್ಲಿ ಬಂಗಾರಪೇಟೆಯ ಹೆಸರೇ ಇಲ್ಲ! ಆ ವಾರವೇ ವೆಂಕಟೇಶಪ್ಪನವರಿಗೆ ವರ್ಗವಾಯಿತು. ಮುನಿನಾರಾಯಣಮ್ಮ ಒಂದು ದಿನದ ಕೂಲಿ ಬಿಟ್ಟು, ರೈಲು ಹತ್ತಿ ಬೆಂಗಳೂರಿಗೆ ಹೋದಳು. ದೊಡ್ಡ ಕಚೇರಿಯ ಜಗಲಿಯಲ್ಲಿ ಸಂಜೆಯವರೆಗೂ ಕೂತಳು. ಕೊನೆಗೊಬ್ಬ ಗುಮಾಸ್ತ, "ಮುಂದಿನ ಬಾಂಡಿಗೆ ಸೇರಿಸಿದ್ದಾರೆ, ಹೋಗಮ್ಮ" ಎಂದ. ಮುಂದಿನದು ಬರುವಷ್ಟರಲ್ಲಿ ಗಡಿಯಲ್ಲಿ ಯುದ್ಧ ಶುರುವಾಯಿತು. ಕಟ್ಟಡದ ಕೆಲಸವೆಲ್ಲ ನಿಂತಿದೆ ಎಂದರು. ಯುದ್ಧಕ್ಕೆ ಏನು ಹೇಳುವುದು?

ಅಷ್ಟರಲ್ಲಿ ಮಗಳು ಮುತ್ಯಾಲಮ್ಮನಿಗೆ ಹದಿನೈದು ತುಂಬಿತ್ತು. ಒಬ್ಬಳ ಕೂಲಿಯಲ್ಲಿ ಹೊಟ್ಟೆ ತುಂಬದೆ ಅವಳೂ ಗ್ಯಾಂಗಿಗೆ ಸೇರಿದಳು. ತನಗೆ ಏನಾದರೂ ಆಗಲಿ ಎಂದು ನಾಲ್ಕು ವರ್ಷ ಆ ಬಾಗಿಲು ದಾಟಿದ್ದವಳಿಗೆ, ಮಗಳು ದಾಟುವುದನ್ನು ನೋಡಲಾಗಲಿಲ್ಲ.

ಅರವತ್ತಮೂರರ ಮಳೆಗಾಲ. ರಾತ್ರಿಯೆಲ್ಲ ಸುರಿದು ಬೆಳಿಗ್ಗೆ ಹೊಳವಾಗಿತ್ತು. ಎಡಗೋಡೆಯ ಬಿರುಕಿನಿಂದ ಕೆಸರುನೀರು ಜಿನುಗುತ್ತಿತ್ತು. ಮುನಿನಾರಾಯಣಮ್ಮ ಬಾಗಿಲಿಗೆ ಅಡ್ಡಲಾಗಿ, ಎರಡೂ ಕೈ ಚೌಕಟ್ಟಿಗೆ ಊರಿ ನಿಂತುಬಿಟ್ಟಳು.

"ಯಾರೂ ಒಳಕ್ಕೆ ಓಗಬ್ಯಾಡ್ರಿ. ಗೋಡೆ ಬೀಳ್ತದೆ."

ಗ್ಯಾಂಗಿನ ಮೇಸ್ತ್ರಿ ಆದಿನಾರಾಯಣ ಮೊದಲು ನಕ್ಕ. ಆಮೇಲೆ ಸಿಡುಕಿದ. "ಏಯ್, ಪಕ್ಕಕ್ಕೆ ಸರಿಯಮ್ಮಯ್ಯ! ಒತ್ತಾಯ್ತು, ಸಾಹೇಬ್ರು ಬತ್ತಾರೆ."

"ಬರ್ಲಿ ಬಿಡಣ್ಣ. ಬಂದು ಅವರೇ ಮೊದಲು ಒಳಕ್ಕೆ ಓಗ್ಲಿ."

"ಅಮ್ಮಾ, ಬಿಟ್ಬಿಡು. ಎಲ್ರೂ ನೋಡ್ತಾವ್ರೆ" ಎಂದು ಮುತ್ಯಾಲಮ್ಮ ಸೆರಗು ಹಿಡಿದೆಳೆದಳು.

"ನೋಡ್ಲಿ. ನಿಮ್ಮಪ್ಪನ್ನ ತೆಗದಾಗ್ಲೂ ಇವರೆಲ್ಲ ನೋಡ್ತಾನೇ ಇದ್ರು."

ಹತ್ತು ಗಂಟೆಯವರೆಗೂ ಅವಳು ಕದಲಲಿಲ್ಲ. ಇಬ್ಬರು ಗಂಡಾಳುಗಳು ರಟ್ಟೆ ಹಿಡಿದು ಎಳೆದು ಪಕ್ಕಕ್ಕೆ ಕೂರಿಸಿದರು. ಗ್ಯಾಂಗು ಒಳಗೆ ಹೋಗಿ ಸಾಮಾನು ತೆಗೆದುಕೊಂಡು ಬಂತು. ಗೋಡೆ ಬೀಳಲಿಲ್ಲ. ಅಂದೂ ಬೀಳಲಿಲ್ಲ, ಆ ಮಳೆಗಾಲವೆಲ್ಲ ಬೀಳಲಿಲ್ಲ. ತಾಯಿ ಮಗಳಿಬ್ಬರ ಹೆಸರನ್ನೂ ಹಾಜರಿ ಪುಸ್ತಕದಿಂದ ಹೊಡೆದುಹಾಕಿದರು. ಬಂಗಾರಪೇಟೆಯ ನೀರಿನ ನಲ್ಲಿಯ ಹತ್ತಿರ ಹೆಂಗಸರು, "ಗೋಡೆ ಬಿತ್ತೇನಕ್ಕಾ?" ಎಂದು ಕೇಳಿ ನಗುತ್ತಿದ್ದರು.

ಆಮೇಲಿನ ಎರಡು ವರ್ಷ ಬದುಕಿದ್ದು ಹೇಗೆಂದು ಅವಳೂ ಹೇಳುತ್ತಿರಲಿಲ್ಲ. ಊರಿಗಾಂನ ಗಣಿ ಕೂಲಿಗಳ ಲೈನುಗಳಲ್ಲಿ ಮನೆಮನೆಗೆ ಸೌದೆ ಹೊತ್ತಳು. ಕೆಲವು ದಿನ ಮಗಳಿಗೆ ರಾಗಿ ಅಂಬಲಿ ಕುಡಿಸಿ, ತಾನು ಆಗಲೇ ಉಂಡೆ ಎನ್ನುತ್ತಿದ್ದಳು. ಮೂರು ಸಲ ಕಚೇರಿಗೆ ಅರ್ಜಿ ಬರೆಸಿದಳು. ಒಂದಕ್ಕೂ ಉತ್ತರ ಬರಲಿಲ್ಲ.

ಅರವತ್ತೈದರಲ್ಲಿ ಕೊನೆಗೂ ಬಾಂಡಿನ ಹಣ ಮಂಜೂರಾಯಿತು. ಕಂಟ್ರಾಕ್ಟರು ಹಳೆಯದನ್ನು ಕೆಡವಲು ಬಂದಾಗ, ಮಣ್ಣು ಹೊರುವ ಕೂಲಿಯಾಗಿ ಮುನಿನಾರಾಯಣಮ್ಮನೂ ಅಲ್ಲಿದ್ದಳು. ಎಡಗೋಡೆಗೆ ಹಗ್ಗ ಹಾಕಿ ನಾಲ್ವರು ಒಂದೇ ಒಂದು ಸಲ ಜಗ್ಗಿದರು. ಬುಡಸಮೇತ ಬಂತು. ಒಳಗೆಲ್ಲ ಗೆದ್ದಲು, ಹುಡಿಮಣ್ಣು. ಆದಿನಾರಾಯಣ ಅದನ್ನು ನೋಡುತ್ತಾ ನಿಂತಿದ್ದವನು, ಅವಳ ಹತ್ತಿರ ಬಂದು ತಲೆ ತಗ್ಗಿಸಿದ. "ನಮ್ಮ ಪುಣ್ಯ ದೊಡ್ಡದು ಕಣಕ್ಕ, ಇದು ಇಷ್ಟು ದಿನ ನಿಂತಿದ್ದು" ಎಂದ. ಅವಳು ಮಣ್ಣಿನ ಬಾಂಡ್ಲಿ ತಲೆಗೇರಿಸಿಕೊಂಡು ಹೊರಟಳು.

ಇಟ್ಟಿಗೆಯ ಶೆಡ್ಡು ಎದ್ದು ನಿಂತಿತು. ಬಾಗಿಲು ತೆರೆದ ದಿನ ಅವಳು ಹೊಸ ಎಂಜಿನಿಯರರ ಮುಂದೆ ಕೈಮುಗಿದು ಖಾಯಂ ಕೆಲಸದ ಮಾತು ಎತ್ತಿದಳು. ಅವರು ಫೈಲು ತರಿಸಿ ತಾಳ್ಮೆಯಿಂದಲೇ ನೋಡಿದರು.

"ಇದರಲ್ಲಿ ನಿನ್ನ ಹೆಸರಿಲ್ಲವಲ್ಲಮ್ಮ. ಬಾಯಿಮಾತಿಗೆ ನಾನೇನು ಮಾಡಲಿ?"

"ಸರ್ಕಾರದ ಸಾಲಕ್ಕೆ ಪತ್ರ ಅದೆ ಸಾಮಿ. ನಮಗೆ ಕೊಟ್ಟ ಮಾತಿಗೆ ಪತ್ರ ಇಲ್ಲ ಅಂತೀರಾ?"

ಅವರು ಫೈಲು ಮುಚ್ಚಿದರು. ಗುಡಿಸುವ ಕೆಲಸ ಕೋಲಾರದ ಕಡೆಯವನೊಬ್ಬನಿಗೆ ಹೋಯಿತು.

ಮುಂದಿನ ಸೋಮವಾರ ಆದಿನಾರಾಯಣನೇ ಮನೆಗೆ ಬಂದು ದಿನಗೂಲಿಗೆ ಕರೆದ. ಅವಳು ಒಂದೇ ಮಾತು ಕೇಳಿದಳು: ಮುತ್ಯಾಲಮ್ಮನಿಗೂ ಉಂಟಾ? ಉಂಟು ಎಂದ. ಇಬ್ಬರೂ ಸೆರಗು ಬಿಗಿದು, ಮಾರಿಕುಪ್ಪಂ ರಸ್ತೆಗೆ ಜಲ್ಲಿ ಹಾಕಲು ಹೊರಟರು.