ತಿಮ್ಮಯ್ಯನನ್ನು ದಾಟಿಹೋದ ಬಸವಪ್ಪ

ಸಿದ್ದಪ್ಪನ ಗುಡಿಯಲ್ಲಿ ತಿಮ್ಮಯ್ಯ ಇಪ್ಪತ್ತೆರಡು ವರ್ಷ ದುಡಿದ. ಪೂಜಾರಿ ಮರಿಸಿದ್ದಯ್ಯ ಅವನ ಚಿಕ್ಕಪ್ಪ. ಕೋಳಿ ಕೂಗುವ ಮುಂಚೆ ನಾಲೆಯಲ್ಲಿ ಮಿಂದು, ಗುಡಿ ಗುಡಿಸಿ, ಹಿತ್ತಾಳೆ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಕಣಗಿಲೆ ಹೂ ಬಿಡಿಸಿ ತರುವವನು ತಿಮ್ಮಯ್ಯನೇ. ಮದ್ದೂರಿನಲ್ಲಿ ಮಗಳಿಗೆ ಹೆರಿಗೆಯಾದ ದಿನವೂ ಮಂಗಳಾರತಿ ಮುಗಿಸಿಯೇ ಬಸ್ಸು ಹತ್ತಿದವನು. ಮುದುಕ ಕಣ್ಣು ಮುಚ್ಚಿದ ಮೇಲೆ ಪೂಜೆ ತನಗೇ ಬರುತ್ತದೆಂದು ಅವನು ನಂಬಿದ್ದರಲ್ಲಿ ತಪ್ಪೇನು?

ಆದರೆ ಆ ಊರಿನಲ್ಲಿ ಪೂಜಾರಿಯನ್ನು ಆರಿಸುವುದು ಮನುಷ್ಯರಲ್ಲ, ದೇವರ ಹೆಸರಿನಲ್ಲಿ ಬಿಟ್ಟ ಬಸವ. ಪೂಜಾರಿ ಮನೆತನದ ಗಂಡಸರೆಲ್ಲ ಒದ್ದೆ ಪಂಚೆಯಲ್ಲಿ ಸಾಲಾಗಿ ಕೂತು ಅಂಗೈ ಚಾಚಬೇಕು. ಬಸವಪ್ಪ ಯಾರ ಕೈಮೇಲೆ ಪಾದ ಇಡುತ್ತಾನೋ ಅವನೇ ಪೂಜಾರಿ.

ತಿಮ್ಮಯ್ಯ ದೇವರನ್ನು ನಂಬಿದವನೇ. ಆದರೂ ಒಂದು ಕೈ ನೋಡೋಣವೆಂದು, ಮುದುಕ ಹಾಸಿಗೆ ಹಿಡಿದಂದಿನಿಂದ ಆರು ತಿಂಗಳು, ಯಾರೂ ಕಾಣದ ಹೊತ್ತಿನಲ್ಲಿ ಬಸವನಿಗೆ ದಿನಕ್ಕೊಂದು ಅಚ್ಚು ಬೆಲ್ಲ ತಿನ್ನಿಸಿದ. ಅದೂ ಬಲ ಅಂಗೈಯಲ್ಲೇ.

ಮರಿಸಿದ್ದಯ್ಯ ತೀರಿಕೊಂಡು ತಿಥಿ ಮುಗಿದ ಮೇಲೆ, ಒಂದು ಸೋಮವಾರ ಮನೆತನದವರು ಸಾಲಾಗಿ ಕೂತರು. ಬಸವಪ್ಪ ನೆಟ್ಟಗೆ ತಿಮ್ಮಯ್ಯನ ಬಳಿಗೇ ಬಂದ. ಅಂಗೈ ಮೂಸಿದ, ಎರಡು ಸಲ ನೆಕ್ಕಿದ. ನೆರೆದವರು ಕೈಮುಗಿದರು, ತಿಮ್ಮಯ್ಯನ ಕಣ್ಣು ತುಂಬಿತು. ಬಸವಪ್ಪ ತಲೆಯೆತ್ತಿ, ಐದು ಜನರನ್ನು ದಾಟಿ, ಸಾಲಿನ ಕೊನೆಯಲ್ಲಿದ್ದ ಚಲುವರಾಜುವಿನ ಕೈಮೇಲೆ ಪಾದವಿಟ್ಟ.

ಚಲುವರಾಜು ತಿಮ್ಮಯ್ಯನ ತಮ್ಮನ ಮಗ. ನಿಡಘಟ್ಟದ ರಸ್ತೆಬದಿಯಲ್ಲಿ ಪಂಚರ್ ಅಂಗಡಿ ಇಟ್ಟವನು. ಉಗುರ ಸಂದಿಯಲ್ಲೆಲ್ಲ ಗ್ರೀಸು. ಗುಡಿಗೆ ಬರುತ್ತಿದ್ದುದು ವರ್ಷಕ್ಕೊಮ್ಮೆ, ಅದೂ ಊಟದ ಹೊತ್ತಿಗೆ. ಅವತ್ತು ಕೂರಲು ಒಲ್ಲೆನೆಂದವನನ್ನು ಹಿರಿಯರು ರಟ್ಟೆ ಹಿಡಿದು ಕೂರಿಸಿದ್ದರು.

ತಿಮ್ಮಯ್ಯ ಎದ್ದು ಮನೆಗೆ ಬಂದವನು ಹತ್ತು ದಿನ ಗುಡಿಯ ಕಡೆ ತಲೆ ಹಾಕಲಿಲ್ಲ. ಜಗುಲಿಯಲ್ಲಿ ಕೂತು ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ನ್ಯಾಯ ಕೇಳಿದ. ಒಂದು ಮಂತ್ರ ಬಾರದವನು, ಬೀಡಿಯ ಲೈಟರಿನಿಂದ ಕರ್ಪೂರ ಹಚ್ಚುವವನು, ಇವನೊಬ್ಬ ಪೂಜಾರಿಯೇ? ದುಡಿದವನ ಬಾಯಿಗೆ ಮಣ್ಣು ಹಾಕಿ ಸೋಮಾರಿಗೆ ಪಟ್ಟ ಕಟ್ಟುವುದು ಯಾವ ದೇವರ ಧರ್ಮ? ಪೂಜೆಯ ಕ್ರಮ ಹೇಳಿಕೊಡೆಂದು ಚಲುವರಾಜು ಎರಡು ಸಲ ಬಂದ. ಎರಡು ಸಲವೂ ತಿಮ್ಮಯ್ಯ ಗೋಡೆಯ ಕಡೆ ಮುಖ ತಿರುಗಿಸಿದ.

ಹತ್ತನೆಯ ದಿನ ಮಧ್ಯಾಹ್ನ ಹೆಂಡತಿ ಸಣ್ಣತಾಯಮ್ಮ ಮುದ್ದೆ ಬಡಿಸುತ್ತಿದ್ದಾಗ ಮತ್ತೆ ಅದೇ ರಾಗ ತೆಗೆದ.

"ಆ ಬಸವನ್ಗೆ ನಿಯತ್ತಿಲ್ಲ ಕಣೆ. ನನ್ ಕೈಲೇ ತಿಂದು ನಂಗೇ ದ್ರೋಹ ಬಗೀತು."

"ನಿನ್ ಕೈಲಿ ಏನ್ ತಿಂತು?"

ಮಾತು ಬಾಯಿ ಜಾರಿತ್ತು. ಬೆಲ್ಲದ ವಿಷಯ ಹೇಳಲೇಬೇಕಾಯಿತು. ಸಣ್ಣತಾಯಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಗು ನಿಂತಿತು.

"ಅಲ್ಲ ಕಣಯ್ಯಾ, ಅದು ನಿಂಗೇ ಪಾದ ಕೊಟ್ಟಿದ್ರೆ, ಕೊಟ್ಟೋನು ಸಿದ್ದಪ್ಪನೋ ಬೆಲ್ಲವೋ ಅಂತ ನಿಂಗೆ ಎಂಗ್ ಗೊತ್ತಾಗೋದು? ಸಾಯೋಗಂಟ ಅದೇ ಯೋಚ್ನೆ ಮಾಡ್ಕಂಡು ಪೂಜೆ ಮಾಡ್ತಿದ್ಯಾ?"

ತಿಮ್ಮಯ್ಯ ಸಿಟ್ಟಿನಿಂದ ತಟ್ಟೆ ದೂಡಿ ಎದ್ದ. ನಾಲೆಯ ಏರಿಯ ಮೇಲೆ ಹೊತ್ತು ಮುಳುಗುವವರೆಗೂ ಕೂತ. ಮೊದಲು ಹೆಂಡತಿಯನ್ನು ಬೈದ, ಆಮೇಲೆ ಅವಳ ಪ್ರಶ್ನೆಯನ್ನೇ ತನಗೆ ತಾನು ಕೇಳಿಕೊಂಡ. ಆರು ತಿಂಗಳು ತಾನು ಕಾದದ್ದು ದೇವರ ಮಾತಿಗಲ್ಲ; ದೇವರ ಬಾಯಿಂದ ತನ್ನ ಮಾತನ್ನೇ ಆಡಿಸಲು ಹೊಂಚಿದ್ದ. ಈ ತಪ್ಪನ್ನು ದೇವರು ತಿದ್ದಬೇಕಿದ್ದರೆ ಗುಟ್ಟಾಗಿ ತಿದ್ದಬಹುದಿತ್ತಲ್ಲ, ಊರ ಮುಂದೆ ಬಸವ ಕೈ ನೆಕ್ಕಿ ನಡೆಯಬೇಕಿತ್ತೇ ಎಂಬ ಉರಿ ಮಾತ್ರ ಹಾಗೇ ಉಳಿಯಿತು.

ಮರುದಿನ ಬೆಳಗ್ಗೆ ಗುಡಿಗೆ ಹೋದ. ಒಳಗೆ ಚಲುವರಾಜು ಎಡಗೈಯಲ್ಲಿ ಕೊಡ ಹಿಡಿದು ದೇವರ ಮೇಲೆ ದಡದಡನೆ ನೀರು ಸುರಿಯುತ್ತಿದ್ದ.

"ಬಲಗೈಲಿ ಇಡ್ಕಳ್ಲಾ. ನಿಧಾನಕ್ಕೆ ಬುಡು, ಇದು ಟ್ಯೂಬಿನ ತೂತು ನೋಡೋ ಕೆಲ್ಸ ಅಲ್ಲ."

ಚಲುವರಾಜು ತಿರುಗಿ ನೋಡಿ, "ಕ್ವಾಪ ಓಯ್ತಾ ದೊಡ್ಡಪ್ಪ?" ಎಂದ.

"ಓಗಿಲ್ಲ. ನಿನ್ ಮ್ಯಾಲೂ ಓಗಿಲ್ಲ, ಒಳಗಿರೋನ್ ಮ್ಯಾಲೂ ಓಗಿಲ್ಲ. ಆದ್ರೆ ಅವನು ಯೋಳಾಯ್ತಲ್ಲ. ಅವನ್ಗಿಂತ ನಂಗೆ ಜಾಸ್ತಿ ಗೊತ್ತಾ? ನಾನು ಯೋಳ್ದಂಗೆ ಯೋಳು."

ತಿಮ್ಮಯ್ಯ ಹೊರಗಿನ ಕಂಬಕ್ಕೆ ಒರಗಿ ಕೂತು ಮೊದಲ ಮಂತ್ರ ಹೇಳಿದ. ಒಳಗಿನಿಂದ ಅದು ತಪ್ಪುತಪ್ಪಾಗಿ ತಿರುಗಿ ಬಂತು. ಅವನು ಗದರಿಸಿ, ಇನ್ನೊಮ್ಮೆ ಬಿಡಿಸಿ ಹೇಳಿದ.